1,200 ರೂಪಾಯಿಯ ಚೌಕ ಮಾನಿಟರ್, ಮೂರು ವರ್ಷ ಬಳಸಿದ ಮೇಲೆ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಹಳೆ ಕಂಪ್ಯೂಟರ್ ಮಾರುವ ಅಂಗಡಿಯಲ್ಲಿ ಸಿಕ್ಕಿದ್ದು. 17 ಇಂಚು, ಅಡ್ಡಕ್ಕೆ 1280 ಚುಕ್ಕೆ, ಎತ್ತರಕ್ಕೆ 1024. ಯಾವುದೋ ಆಫೀಸಿನ ಮಾಲು, ಬೆನ್ನ ಮೇಲೆ ಬರೆದ ಬಿಳಿ ನಂಬರ್ ಇನ್ನೂ ಅಳಿಸಿಲ್ಲ. "ಈ ಡಬ್ಬಿ ಯಾಕ್ ತಂದಿ?" ಅಂತ ಅವ್ವ ಕೇಳಿದಳು. ಕೆಲಸಕ್ಕೆ ಪಕ್ಕದಲ್ಲಿ 22 ಇಂಚಿನ ಫುಲ್ ಎಚ್‌ಡಿ (1920×1080) ಮಾನಿಟರ್ ಇದೆ. ಡಬ್ಬಿ ಹಳೆ ಗೇಮ್‌ಗಳಿಗೆ ಮಾತ್ರ.

ರಾತ್ರಿ ರೊಟ್ಟಿ ತಿಂದು, ಹಳೆ ಬನಿಯನ್ ತುಂಡಿನಿಂದ ತೆರೆಯ ಧೂಳು ಒರೆಸಿ, ಸ್ವಿಚ್ ಒತ್ತಿ ಚಾ ಹಿಡಿದು ಕೂರುತ್ತೇನೆ. ತೆರೆಯ ಹಿಂದೆ ಬೆಳಕು ಕೊಡುವ ಟ್ಯೂಬಿಗೆ ವಯಸ್ಸಾಗಿದೆ. ಮೊದಲು ಹಳದಿ, ಚಾ ತಳ ಕಾಣುವಷ್ಟರಲ್ಲಿ ಬೆಳ್ಳಗಾಗುತ್ತದೆ.

ಆಮೇಲೆ ಡಯಾಬ್ಲೊ 2. 2000ದಲ್ಲಿ ಬಂದಾಗ ಅದರಲ್ಲಿ ಇದ್ದದ್ದು 640×480 ಒಂದೇ, ಮುಂದಿನ ವರ್ಷದ ಎಕ್ಸ್‌ಪಾನ್ಶನ್‌ನಲ್ಲಿ 800×600 ಸೇರಿತು. ದೊಡ್ಡ ನಂಬರ್ ಇದ್ದರೆ ಚೆನ್ನಾಗಿ ಕಾಣುತ್ತೆ ಅಂತ ನಾನೂ ವರ್ಷಗಟ್ಟಲೆ 800ರಲ್ಲೇ ಆಡಿದೆ, ದಡ್ಡತನ. ಈ ಮಾನಿಟರ್‌ನಲ್ಲಿ 640ರ ಎರಡು ಪಟ್ಟು ಸರಿಯಾಗಿ 1280, 480ರ ಎರಡು ಪಟ್ಟು 960. ಮೇಲೆ ಕೆಳಗೆ 32 ಸಾಲು ಕಪ್ಪು, ಅಷ್ಟೇ. ಗೇಮಿನ ಒಂದು ಚುಕ್ಕೆ ತೆರೆಯಲ್ಲಿ ನಾಲ್ಕು ಚುಕ್ಕೆ ಆಗುತ್ತದೆ, ಮಸುಕು ಅನ್ನೋದೇ ಇಲ್ಲ. ಗುಳಿಗೆ ಬಾಟಲಿಯಂಥ ಆ ಕೆಂಪು ಮದ್ದಿನ ಅಂಚು ಎಣಿಸಬಹುದು! ಫುಲ್ ಎಚ್‌ಡಿಯಲ್ಲಿ ಎತ್ತರ ತುಂಬಿಸಿದರೆ 2.25 ಪಟ್ಟು, ಎಲ್ಲ ಅಂಬಲಿ. ಒಂದು ಮಾತು: ಮಾನಿಟರ್‌ಗೇ ಬಿಟ್ಟರೆ ಅದು ಪೂರ್ತಿ ತೆರೆಗೆ ಎಳೆದುಬಿಡುತ್ತದೆ. ಎನ್‌ವಿಡಿಯಾ 2019ರಲ್ಲಿ ತಂದ ಇಂಟೀಜರ್ ಸ್ಕೇಲಿಂಗ್ (ಪೂರ್ಣ ಸಂಖ್ಯೆಯ ಪಟ್ಟಿನಲ್ಲಿ ಮಾತ್ರ ಹಿಗ್ಗಿಸುವುದು) ಆನ್ ಮಾಡಿಕೊಳ್ಳಿ, ನನ್ನ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನಲ್ಲಿ ಇದೆ.

ಇಷ್ಟು ಹೊಗಳಿದ್ದು ಸಾಕು. ನನ್ನ ತಲೆ ಕೆಡಿಸಿದ್ದು 1024×768. ಏಜ್ ಆಫ್ ಎಂಪೈರ್ಸ್ 2 ನಾನು ಸೈಬರ್ ಕೆಫೆಯಲ್ಲಿ ಅದರಲ್ಲೇ ಕಲಿತದ್ದು. ಇಲ್ಲಿ ಎಳೆದು ತುಂಬಿಸಿದರೆ ಅಗಲಕ್ಕೆ 1.25, ಎತ್ತರಕ್ಕೆ 1.33. ಅಕ್ಷರ ಕಲಸಿಹೋಗುತ್ತೆ, ಕುದುರೆ ಸವಾರರು ಬಿದಿರಿನ ಹಾಗೆ ಉದ್ದ! 1280×1024 ಹಾಕಿದರೆ ಚೂಪು, ನಕ್ಷೆಯೂ ಜಾಸ್ತಿ ಕಾಣುತ್ತೆ. ಆದರೆ 2ಡಿ ಗೇಮ್ ಅಲ್ವಾ, ಚಿತ್ರದ ಚುಕ್ಕೆ ಲೆಕ್ಕ ಅಷ್ಟೇ ಇರುತ್ತೆ, ಮನುಷ್ಯರು ಇರುವೆ ಆಗಿಬಿಡುತ್ತಾರೆ. ಕನ್ನಡಕ ಹಾಕಿಕೊಂಡು ಕುರಿ ಹುಡುಕಿದ್ದೇನೆ. ಒಂದು ವಾರ ಸಿಟ್ಟಿನಲ್ಲಿ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದ್ದೆ.

ಆಮೇಲೆ ಸುಮ್ನೆ ಎಳೆಯದೆ ಬಿಟ್ಟು ನೋಡಿದೆ. ನಾಲ್ಕೂ ಕಡೆ ಸಮ 128 ಚುಕ್ಕೆ ಕಪ್ಪು ಉಳಿಯಿತು, ಗೋಡೆಗೆ ಹಾಕಿದ ಫೋಟೊ ಕಟ್ಟಿನ ಹಾಗೆ. ಒಳಗಿನ ಚಿತ್ರ 13 ಇಂಚು ಚಿಲ್ಲರೆ. ಕೆಫೆಯ 15 ಇಂಚಿನ ದಪ್ಪ ಮಾನಿಟರ್‌ನಲ್ಲೂ ಕಣ್ಣಿಗೆ ಕಾಣುತ್ತಿದ್ದದ್ದು 14 ಇಂಚಿಗಿಂತ ಕಡಿಮೆಯೇ. ಈಗ ಹಾಗೇ ಆಡುತ್ತೇನೆ.

ಮೇ ತಿಂಗಳಲ್ಲಿ ಡಬ್ಬಿ ಕಾಯ್ದ ಹೆಂಚು, ಹಗಲು ಹಚ್ಚಬೇಡಿ. 1,500ಕ್ಕಿಂತ ಜಾಸ್ತಿ ಕೊಡಬೇಡಿ. ಅದೇ ರೇಟಿಗೆ 19 ಇಂಚಿನ ಅಗಲದ್ದು ತೋರಿಸುತ್ತಾರೆ, 1440×900. 480ರ ಎರಡು ಪಟ್ಟು 960 ಅದರಲ್ಲಿ ಹಿಡಿಸುವುದಿಲ್ಲ, ಬರೀ 60 ಸಾಲಿಗೆ.