ಪ್ಲೇಯರ್ ಗಟ್ಟಿಮುಟ್ಟು, ಆದರೆ ಭಾವ ತಂದ ಡಿಸ್ಕ್ ಓಡಲ್ಲ

ಈ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಪ್ಲೇಯರ್ ನಮ್ಮ ಜಯನಗರದ ಮನೆಗೆ ಬಂದು ಕೆಲವು ವರ್ಷಗಳೇ ಆದವು. ಚಿತ್ರ, ಶಬ್ದ ಎರಡಕ್ಕೂ ಹೆಸರಿಡುವಂತಿಲ್ಲ. ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಕೆಟ್ಟಿಲ್ಲ. ಅಪ್ಪನ ಹಳೇ ಕನ್ನಡ ಡಿವಿಡಿಗಳೂ ಚೆನ್ನಾಗಿ ಓಡುತ್ತವೆ. ಆದರೂ ನಾನು ಕೊಡುವುದು ಐದಕ್ಕೆ ಎರಡು ಸ್ಟಾರ್ ಮಾತ್ರ. ಕಾರಣ ರೀಜನ್ ಲಾಕ್, ಅಂದರೆ ಲೋಕದ ಒಂದು ಭಾಗಕ್ಕೆಂದು ಮಾಡಿದ ಡಿಸ್ಕ್ ಇನ್ನೊಂದು ಭಾಗದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಬೀಗ.

ಅಕ್ಕ ಇರುವುದು ಅಮೆರಿಕದಲ್ಲಿ. ಊರಿಗೆ ಬರುವಾಗಲೆಲ್ಲ ಭಾವ ನನಗೆ ಹಳೇ ಸಿನಿಮಾಗಳ ಬ್ಲೂ-ರೇ ತರುತ್ತಾರೆ. ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ತಂದ ಅಸಲಿ ಡಿಸ್ಕ್‌ಗಳು. ಅವುಗಳಲ್ಲಿ ಎಷ್ಟೋ ಓಡುವುದೇ ಇಲ್ಲ. ರೀಜನ್ ಸರಿಯಿಲ್ಲ ಅಂತ ಟಿವಿಯಲ್ಲಿ ಒಂದು ಸಾಲು ಬರುತ್ತದೆ, ಅಷ್ಟೇ. ಡಿಸ್ಕಿನಲ್ಲೂ ದೋಷವಿಲ್ಲ, ಪ್ಲೇಯರಿನಲ್ಲೂ ಇಲ್ಲ. ಇಬ್ಬರೂ ದುಡ್ಡು ಕೊಟ್ಟಿದ್ದೇವೆ, ಸಿನಿಮಾ ಮಾತ್ರ ನೋಡೋ ಹಾಗಿಲ್ಲ. ಇದು ಅನ್ಯಾಯ ಅಲ್ವಾ?

ಡಿವಿಡಿ ಕಾಲದಲ್ಲೇ ಸಿನಿಮಾ ಕಂಪನಿಗಳು ಲೋಕವನ್ನು ನಂಬರ್ ಹಾಕಿ ರೀಜನ್‌ಗಳಾಗಿ ಹಂಚಿಟ್ಟಿದ್ದವು. ಅಮೆರಿಕ 1, ಯುರೋಪ್ ಮತ್ತು ಜಪಾನ್ 2, ನಾವು 5. ಬ್ಲೂ-ರೇಯಲ್ಲಿ ಮೂರೇ ಭಾಗ: ಅಮೆರಿಕ, ಜಪಾನ್ ಎ; ಯುರೋಪ್, ಆಸ್ಟ್ರೇಲಿಯಾ ಬಿ; ಭಾರತ, ಚೀನಾ, ರಷ್ಯಾ ಸಿ. ಆಗ ಒಂದೇ ಸಿನಿಮಾ ಒಂದೊಂದು ದೇಶದಲ್ಲಿ ಒಂದೊಂದು ತಿಂಗಳು ಬಿಡುಗಡೆ ಆಗುತ್ತಿತ್ತು. ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆಯ ಥಿಯೇಟರ್ ವ್ಯಾಪಾರ ಕೆಡಿಸಬಾರದು ಅನ್ನೋದು ಲೆಕ್ಕಾಚಾರ. ಹಕ್ಕುಗಳನ್ನೂ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ. ಆದರೆ ಐವತ್ತು ವರ್ಷ ಹಳೆಯ ಕಪ್ಪು-ಬಿಳುಪು ಸಿನಿಮಾಗೆ ಯಾವ ಥಿಯೇಟರ್ ವ್ಯಾಪಾರ ಉಳಿದಿದೆ? ಅದರ ಡಿಸ್ಕ್ ಇಲ್ಲಿ ಮಾರಾಟಕ್ಕೇ ಇಲ್ಲ. ಹೊರಗಿಂದ ತರಿಸಿದರೆ ಬೀಗ.

ಸರ್ವಿಸ್ ಸೆಂಟರ್‌ನವರು ರೀಜನ್ ಬದಲಾಯಿಸಲ್ಲ ಅಂದರು. ಎಸ್‌ಪಿ ರೋಡಿನ ಅಂಗಡಿಯವರು ನೇರವಾಗಿ ಹೇಳಿದರು: "ಸಾರ್, ಡಿವಿಡಿ ಆದ್ರೆ ಕೆಲವು ಮಾಡೆಲ್‌ಗೆ ರಿಮೋಟಲ್ಲೇ ಕೋಡ್ ಹೊಡೆದು ಬಿಡಿಸ್ಬಹುದು. ಬ್ಲೂ-ರೇಗೆ ಒಳಗೆ ಬೋರ್ಡ್ ಕೂರಿಸ್ಬೇಕು, ವಾರಂಟಿ ಹೋಗತ್ತೆ." ಕಂಪ್ಯೂಟರ್ ಡ್ರೈವ್ ಇನ್ನೂ ಕಷ್ಟ. ಡಿವಿಡಿ ರೀಜನ್ ಐದು ಸಲ ಬದಲಿಸಬಹುದು, ಆಮೇಲೆ ಕೊನೆಗೆ ಇಟ್ಟಿದ್ದೇ ಕಾಯಂ.

ಓಟಿಟಿ ಇರುವಾಗ ಇದೆಲ್ಲ ಯಾಕೆ ಅಂತ ಮನೆಯಲ್ಲೇ ಕೇಳುತ್ತಾರೆ. ಅಲ್ಲಿ ಇವತ್ತಿದ್ದ ಸಿನಿಮಾ ಮುಂದಿನ ತಿಂಗಳು ಇರುತ್ತದೆ ಅನ್ನುವ ಭರವಸೆ ಇಲ್ಲ. ಡಿಸ್ಕ್ ನನ್ನ ಕಪಾಟಿನಲ್ಲಿರುತ್ತದೆ. ನಿರ್ದೇಶಕರು ದೃಶ್ಯದಿಂದ ದೃಶ್ಯಕ್ಕೆ ಮಾತಾಡುವ ಕಾಮೆಂಟರಿ, ಸರಿಪಡಿಸಿದ ಹೊಸ ಪ್ರಿಂಟ್, ಇವೆಲ್ಲ ನನಗೆ ತುಂಬಾ ಮುಖ್ಯ.

ಬ್ಲೂ-ರೇಗಿಂತಲೂ ಸ್ಪಷ್ಟವಾದ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗೆ ರೀಜನ್ ಲಾಕ್ ಇಲ್ಲ, ಅದೊಂದು ಸಮಾಧಾನ. ಆದರೆ 4ಕೆ ಪ್ಲೇಯರ್ ಕೊಂಡ ಮಾತ್ರಕ್ಕೆ ಮಾಮೂಲಿ ಬ್ಲೂ-ರೇ, ಡಿವಿಡಿಗಳ ಬೀಗ ಹೋಗುವುದಿಲ್ಲ. ಮಾರುವವರು ಇದನ್ನು ಹೇಳುವುದಿಲ್ಲ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆಯಬೇಕಾದ ವಿಷಯ ಇದು.

ಹೊರಗಿನ ಡಿಸ್ಕ್ ಜಾಸ್ತಿ ನೋಡುವವರು ಈ ಮಾಡೆಲ್ ಬಿಟ್ಟು, ಬ್ಲೂ-ರೇಯಲ್ಲೂ ಎಲ್ಲಾ ರೀಜನ್ ಓಡಿಸುವುದನ್ನೇ ಕೇಳಿ. "ಮಲ್ಟಿ-ರೀಜನ್" ಅಂದರೆ ಒಪ್ಪಬೇಡಿ, ಎಷ್ಟೋ ಸಲ ಅದು ಡಿವಿಡಿಗೆ ಮಾತ್ರ. ಡಿಸ್ಕ್ ತರಿಸುವಾಗ ಕವರಿನ ಹಿಂದೆ ಎ, ಬಿ, ಸಿ ಮೂರೂ ಗುರುತು ಇದೆಯಾ ನೋಡಿ. ಅಂಥವು ಇದರಲ್ಲೂ ಓಡುತ್ತವೆ.