ಭುಜದ ಆಪರೇಷನ್ ಆದ ಮೇಲೆ ಜಿಮ್ಮಿಗೆ ಮರಳುವವರಿಗೆ: ಮೀಟರ್ ಲೆಕ್ಕದ ಬ್ಯಾಂಡ್, ತೂಕದ ಪಟ್ಟಿ, ಅರ್ಧ ಕೆಜಿ ಪ್ಲೇಟ್

ಮಂಗಳೂರಿನ ಸರ್ಜಿಕಲ್ ಅಂಗಡಿಗಳಲ್ಲಿ ರೋಲಿನಿಂದ ಕತ್ತರಿಸಿ ಕೊಡುವ ರಬ್ಬರ್ ಬ್ಯಾಂಡ್ ಉಂಟಲ್ಲ, ಅದರ ಬಗ್ಗೆ ಈ ರಿವ್ಯೂ. ಜೊತೆಗೆ ಮಣಿಕಟ್ಟಿಗೆ ಕಟ್ಟುವ ಅರ್ಧ ಕೆಜಿಯ ತೂಕದ ಪಟ್ಟಿ ಮತ್ತು ಸಣ್ಣ ಪ್ಲೇಟುಗಳ ಬಗ್ಗೆಯೂ ಸ್ವಲ್ಪ. ಭುಜಕ್ಕೆ ಆಪರೇಷನ್ ಆಗಿ ಮತ್ತೆ ವೇಟ್ಸ್ ಎತ್ತಬೇಕು ಅಂತ ಇರುವವರು ನಮ್ಮಲ್ಲಿ ಕಮ್ಮಿ ಇಲ್ಲ. ವಾಲಿಬಾಲಿನವರು, ಕಬಡ್ಡಿಯವರು, ಪವರ್‌ಲಿಫ್ಟಿಂಗಿನವರು, ಮಳೆಗಾಲದಲ್ಲಿ ಬೈಕಿನಿಂದ ಬಿದ್ದವರು. ಎಲ್ಲರೂ ಕೇಳುವುದು ಒಂದೇ: ಎಷ್ಟರಿಂದ ಶುರು ಮಾಡುವುದು, ಎಂತ ತಗೊಳ್ಳುವುದು? ನಾನು ಹೇಳುವುದು, ಮೊದಲು ಮೀಟರ್ ಲೆಕ್ಕದ ಬ್ಯಾಂಡ್ ತಗೊಳ್ಳಿ. ಹಿಡಿಕೆ, ಕೊಕ್ಕೆ, ಚೀಲ ಎಲ್ಲ ಸೇರಿಸಿ ಆನ್‌ಲೈನಿನಲ್ಲಿ ಮಾರುವ ಸೆಟ್ ಈಗಲೇ ಬೇಡ.

ನನ್ನ ಬಲ ಭುಜ ಮೊದಲು ತಪ್ಪಿದ್ದು ವಾಲಿಬಾಲ್ ಸ್ಮ್ಯಾಶ್ ಹೊಡೆಯುವಾಗ. ಆಮೇಲೆ ಬಸ್ಸಿನ ಮೇಲಿನ ಕಂಬಿ ಹಿಡಿದಾಗ, ಮತ್ತೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ ತಪ್ಪಿತು. ಮೊದಲು ಆದದ್ದು ಬ್ಯಾಂಕಾರ್ಟ್ ರಿಪೇರಿ, ಅಂದರೆ ಕೀಲಿನ ಬಟ್ಟಲಿನ ಅಂಚಿನಿಂದ ಕಿತ್ತು ಬಂದ ಲೇಬ್ರಮ್ ಅನ್ನುವ ಮೃದ್ವಸ್ಥಿಯ ಬಳೆಯನ್ನು ಮತ್ತೆ ಎಲುಬಿಗೆ ಕೂಡಿಸಿ ಹೊಲಿಯುವುದು. ಅದಾದ ಮೇಲೂ ಭುಜ ನಿಲ್ಲಲಿಲ್ಲ. ಎರಡನೆಯದು ಲಾಟಾರ್ಜೆ. ಭುಜದ ಮುಂದೆ ಕೊಕ್ಕಿನ ಹಾಗೆ ಚಾಚಿರುವ ಕೊರಕಾಯ್ಡ್ ಎಲುಬಿನ ತುದಿಯನ್ನು ಅದಕ್ಕೆ ಅಂಟಿದ ಸ್ನಾಯುವಿನ ಸಮೇತ ತೆಗೆದು, ಬಟ್ಟಲಿನ ಮುಂದಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಫ್ರಾನ್ಸಿನ ಸರ್ಜನ್ ಮಿಶೆಲ್ ಲಾಟಾರ್ಜೆ 1954ರಲ್ಲಿ ವಿವರಿಸಿದ ವಿಧಾನ ಇದು. ಆ ತುಂಡಿಗೆ ತೋಳಿನ ಮುಂದಿನ ಸ್ನಾಯು ಬೈಸೆಪ್ಸಿನ ಒಂದು ತಲೆ, ಅಂದರೆ ಮೇಲಿನ ತುದಿ, ಅಂಟಿಕೊಂಡಿರುತ್ತದೆ. ಹಾಗಾಗಿ ಎಲುಬು ಕೂಡುವ ತನಕ ತೂಕ ಹಿಡಿದು ಮೊಣಕೈ ಮಡಚುವ ಬೈಸೆಪ್ಸ್ ಕರ್ಲ್ ಕೂಡ ಮಾಡುವ ಹಾಗಿಲ್ಲ. ಜಿಮ್ಮಿನಲ್ಲಿ ಇದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ. "ಭುಜಕ್ಕೆ ಅಲ್ವಾ ಆದದ್ದು, ಕರ್ಲ್ ಮಾಡ್ಬಹುದಲ್ಲ ಮಾರಾಯ್ರೆ?" ಅಂತಲೇ ಕೇಳುತ್ತಾರೆ.

ಈಗ ತೂಕದ ವಿಷಯ. ನಮ್ಮ ಕಡೆಯ ಹೆಚ್ಚಿನ ಜಿಮ್ಮುಗಳಲ್ಲಿ ಡಂಬೆಲ್ 2.5 ಕೆಜಿ, ಆಮೇಲೆ 5, ಆಮೇಲೆ 7.5. ಗಟ್ಟಿ ಭುಜದವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹೊಲಿಗೆ ಹಾಕಿದ ಭುಜಕ್ಕೆ 2.5ರಿಂದ 5 ಅಂದರೆ ಒಂದೇ ಸಲಕ್ಕೆ ಎರಡು ಪಟ್ಟು. ರೊಟೇಟರ್ ಕಫ್ ಅಂತ ಹೇಳುವ ನಾಲ್ಕು ಸಣ್ಣ ಸ್ನಾಯುಗಳೇ ತೋಳಿನ ಎಲುಬಿನ ಗುಂಡಗಿನ ತುದಿಯನ್ನು ಬಟ್ಟಲಿನ ನಡುವಿನಲ್ಲಿ ಹಿಡಿದಿಡುವುದು. ಅವಕ್ಕೆ ಈ ಜಿಗಿತ ತುಂಬ ಜಾಸ್ತಿ. ಅವು ಸೋತರೆ ಕುತ್ತಿಗೆ ಬದಿಯ ದೊಡ್ಡ ಸ್ನಾಯುಗಳು ಕೆಲಸ ಎತ್ತಿಕೊಳ್ಳುತ್ತವೆ, ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ. ತೂಕವೇನೋ ಎದ್ದಿತು, ಆದರೆ ಯಾವುದಕ್ಕೆ ಬಲ ಬರಬೇಕಿತ್ತೋ ಅದಕ್ಕೆ ಬರಲಿಲ್ಲ.

ಇಲ್ಲಿಯೇ ಬ್ಯಾಂಡ್ ಗೆಲ್ಲುವುದು. ಬಣ್ಣ ನೋಡಿ ಬ್ಯಾಂಡ್ ಎಷ್ಟು ಗಟ್ಟಿ ಅಂತ ತಿಳಿಯುವುದು. ಥೆರಾಬ್ಯಾಂಡ್ ಕಂಪನಿ ಕೊಡುವ ಲೆಕ್ಕ ನೋಡಿ: ಬ್ಯಾಂಡನ್ನು ಅದರ ಎರಡರಷ್ಟು ಉದ್ದಕ್ಕೆ ಎಳೆದಾಗ ಹಳದಿ ಸುಮಾರು 1.3 ಕೆಜಿ, ಕೆಂಪು 1.7, ಹಸಿರು 2.1, ನೀಲಿ 2.6, ಕಪ್ಪು 3.3. ಒಂದು ಬಣ್ಣದಿಂದ ಮುಂದಿನದಕ್ಕೆ ಅರ್ಧ ಕೆಜಿ ಆಸುಪಾಸು. ನಡುವೆ ಇನ್ನೂ ಸಣ್ಣ ಹೆಜ್ಜೆ ಬೇಕಾದರೆ ಒಂದು ಗೇಣು ಹತ್ತಿರ ಅಥವಾ ದೂರ ನಿಂತರೆ ಆಯಿತು. ಒಂದು ಎಚ್ಚರ: ಎಲ್ಲ ಕಂಪನಿಯ ಬಣ್ಣಗಳೂ ಒಂದೇ ಅಲ್ಲ. ಒಬ್ಬರ ಹಸಿರು ಇನ್ನೊಬ್ಬರ ನೀಲಿಯಷ್ಟು ಗಟ್ಟಿ ಇರಬಹುದು. ಹಾಗಾಗಿ ಶುರುವಿನಿಂದ ಕೊನೆ ತನಕ ಒಂದೇ ಕಂಪನಿಯದ್ದು ತಗೊಳ್ಳಿ.

ಅಂಗಡಿಯಲ್ಲಿ ಸ್ಕೇಲಿನ ಪಕ್ಕ ಹಾಸಿ ಕತ್ತರಿಸುತ್ತಾರೆ. ಒಂದೂವರೆ ಮೀಟರ್ ಸಾಕು. ಕತ್ತರಿಸಿದ ಅಂಚನ್ನು ಅಲ್ಲಿಯೇ ಬೆರಳಿನಿಂದ ಸವರಿ ನೋಡಿ. ಸಣ್ಣ ಕಚ್ಚು ಇದ್ದರೆ ಬೇರೆ ಕೇಳಿ, ಹರಿಯುವುದು ಅಲ್ಲಿಂದಲೇ. ಮನೆಯಲ್ಲಿ ಕಿಟಕಿಯ ಸರಳಿಗೆ ಸೊಂಟದ ಮಟ್ಟದಲ್ಲಿ ಗಂಟು ಹಾಕಿ, ಬೈರಾಸನ್ನು, ಅಂದರೆ ಟವೆಲನ್ನು, ಸುರುಳಿ ಸುತ್ತಿ ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟುಕೊಳ್ಳಿ. ಮೊಣಕೈ ಮಡಚಿಯೇ ಇರಲಿ, ಕೈಯನ್ನು ಹೊಟ್ಟೆಯ ಮುಂದಿನಿಂದ ಹೊರಗೆ ತಿರುಗಿಸಿ. ಬೈರಾಸು ಕೆಳಗೆ ಬಿತ್ತು ಅಂದರೆ ಮೊಣಕೈ ದೂರ ಹೋಯಿತು, ಬೇರೆ ಸ್ನಾಯು ಎಳೆಯುತ್ತಿದೆ ಅಂತ ಅರ್ಥ. ವಾಪಸ್ ಬರುವಾಗ ಬ್ಯಾಂಡ್ ನಿಮ್ಮನ್ನು ಎಳೆಯಬಾರದು, ನೀವೇ ನಿಧಾನ ಬಿಡಬೇಕು. ನನಗೆ ಭುಜದ ಮೇಲೆ ನಂಬಿಕೆ ಬಂದದ್ದು ಈ ವಾಪಸ್ ಬರುವ ದಾರಿಯಲ್ಲಿ.

ಯಾವಾಗ ಶುರು ಮಾಡುವುದು ಅನ್ನುವುದನ್ನು ನಿಮ್ಮ ಸರ್ಜನ್ ಮತ್ತು ಫಿಸಿಯೋ ಹೇಳಬೇಕು. ಸಾಮಾನ್ಯವಾಗಿ 4ರಿಂದ 6 ವಾರ ಸ್ಲಿಂಗ್, ಅಂದರೆ ಕುತ್ತಿಗೆಯಿಂದ ಕೈ ತೂಗು ಹಾಕುವ ಜೋಳಿಗೆ. ಸರಿಯಾದ ಬಲದ ವ್ಯಾಯಾಮ 12 ವಾರದ ಸುಮಾರಿಗೆ. ಹೊರಗೆ ತಿರುಗಿಸುವುದಕ್ಕೆ ಮೊದಲ ವಾರಗಳಲ್ಲಿ ಮಿತಿ ಇರುತ್ತದೆ, ಅದನ್ನು ದಾಟಬೇಡಿ. ನಾನು ಇಟ್ಟುಕೊಂಡ ನಿಯಮ ಒಂದು: ರಾತ್ರಿ ಆ ಭುಜದ ಮೇಲೆ ಮಲಗುವಾಗ ನೋವು ಜಾಸ್ತಿ ಅನಿಸಿದರೆ ಮುಂದಿನ ಸಲ ಒಂದು ಬಣ್ಣ ಹಿಂದೆ.

ಬ್ಯಾಂಡಿಗೆ ಕೊರತೆಯೂ ಉಂಟು. ಎಳೆದಷ್ಟೂ ಅದು ಗಟ್ಟಿ ಆಗುತ್ತದೆ, ಕೊನೆಯಲ್ಲಿ ಎಲ್ಲಕ್ಕಿಂತ ಭಾರ. ನಮ್ಮ ಭುಜಕ್ಕೆ ಬಲ ಕಮ್ಮಿ ಇರುವುದೂ, ಹೆದರಿಕೆ ಆಗುವುದೂ ಆ ಕೊನೆಯಲ್ಲಿಯೇ. ಹಾಗಾಗಿ ಬ್ಯಾಂಡ್ ಒಂದರಿಂದಲೇ ಹಳೆಯ ಬಲ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಒಂದು ಹಂತದ ನಂತರ ಕಬ್ಬಿಣ ಬೇಕು.

ಆಗ ತೂಕದ ಪಟ್ಟಿ ಕೆಲಸಕ್ಕೆ ಬರುತ್ತದೆ. ಮಣಿಕಟ್ಟಿಗೆ ವೆಲ್ಕ್ರೋದಲ್ಲಿ ಕಟ್ಟುವಂಥದ್ದು, ಅರ್ಧ ಕೆಜಿಯದ್ದೂ ಸಿಗುತ್ತದೆ. 2.5 ಕೆಜಿ ಡಂಬೆಲ್ ಹಿಡಿದು ಅರ್ಧ ಕೆಜಿ ಪಟ್ಟಿ ಕಟ್ಟಿದರೆ 3. ಇಷ್ಟು ಸುಲಭ. ವೆಲ್ಕ್ರೋ ಬೆವರಿಗೆ ಬೇಗ ಸೋಲುತ್ತದೆ, ಅದು ಬಿಟ್ಟರೆ ದೂರು ಇಲ್ಲ. ಬಾರ್ ಹಿಡಿಯುವ ಹಂತಕ್ಕೆ ಬಂದವರಿಗೆ ಅರ್ಧ ಕೆಜಿಯ ಪ್ಲೇಟ್ ಜೋಡಿ: 20 ಕೆಜಿ ಖಾಲಿ ಬಾರಿನಿಂದ 21ಕ್ಕೆ ಹೋಗಬಹುದು, ನೇರ 25ಕ್ಕೆ ಹಾರಬೇಕಾಗಿಲ್ಲ. ನಾನು ಈಗ ಇದರಲ್ಲಿಯೇ ಇದ್ದೇನೆ. ಬೆಂಚಿನ ಬದಲು ನೆಲದ ಮೇಲೆ ಮಲಗಿ ಪ್ರೆಸ್, ಯಾಕೆಂದರೆ ಮೊಣಕೈ ನೆಲಕ್ಕೆ ತಾಗಿ ನಿಲ್ಲುತ್ತದೆ, ಭುಜ ಹಿಂದಕ್ಕೆ ಚಾಚುವುದಿಲ್ಲ. ತಲೆಯ ಮೇಲೆ ಎತ್ತುವ ಬದಲು ಲ್ಯಾಂಡ್‌ಮೈನ್, ಬಾರಿನ ಒಂದು ತುದಿ ಮೂಲೆಯಲ್ಲಿ, ಇನ್ನೊಂದು ಕೈಯಲ್ಲಿ. ಬಾರನ್ನು ಬೆನ್ನಿನ ಮೇಲೆ ಹೊತ್ತು ಕೂತು ಏಳುವ ಬ್ಯಾಕ್ ಸ್ಕ್ವಾಟಿನಲ್ಲಿ ಅದನ್ನು ಹಿಡಿಯಲು ಕೈ ಬದಿಗೆ ಎತ್ತಿ ಹಿಂದಕ್ಕೆ ತಿರುಗಿಸಬೇಕು. ಮುಂದಕ್ಕೆ ತಪ್ಪುವ ಭುಜಕ್ಕೆ ಅದೇ ಅಪಾಯದ ಭಂಗಿ, ಹಾಗಾಗಿ ಸದ್ಯಕ್ಕೆ ತೂಕವನ್ನು ಎದೆಯ ಮುಂದೆ ಹಿಡಿದು ಮಾಡುವ ಗೋಬ್ಲೆಟ್ ಸ್ಕ್ವಾಟ್.

ನಮ್ಮ ಜಿಲ್ಲೆಗಳಲ್ಲಿ ಭಾರ ಎತ್ತುವವರಿಗೆ ಮರ್ಯಾದೆ ಉಂಟು. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದವರು. ಇಂಥ ಊರಿನ ಜಿಮ್ಮಿನಲ್ಲಿ ಹಳದಿ ಬ್ಯಾಂಡ್ ಹಿಡಿದು ನಿಂತರೆ ನಾಲ್ಕು ಜನ ನೋಡುತ್ತಾರೆ. ನೋಡಲಿ. ಎರಡು ಆಪರೇಷನ್ ಆದ ಭುಜ ಅವರದ್ದಲ್ಲ.

ಇನ್ನು ನಮ್ಮ ಹವೆ. ಈ ಬ್ಯಾಂಡಿನಲ್ಲಿ ಹೆಚ್ಚಿನವು ಲ್ಯಾಟೆಕ್ಸ್, ಸುಳ್ಯದ ತೋಟಗಳಲ್ಲಿ ಮರ ಕೆತ್ತಿ ತೆಗೆಯುತ್ತಾರಲ್ಲ, ಅದೇ ರಬ್ಬರ್ ಹಾಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಡಚಿ ಇಟ್ಟರೆ ಒಂದಕ್ಕೊಂದು ಅಂಟಿ ಬಿಡುತ್ತದೆ. ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಸಡಿಲವಾಗಿ ತೂಗು ಹಾಕಿ. ಬಿಸಿಲಿಗೆ ಬೇಡ, ಬಿರುಕು ಬಿಡುತ್ತದೆ. ಮುಖ್ಯವಾದದ್ದು ಎಣ್ಣೆ. ನಮ್ಮಲ್ಲಿ ಪೆಟ್ಟಾದ ಭುಜ ಅಂದರೆ ಮನೆಯವರು ತೈಲ ಹಚ್ಚದೆ ಬಿಡುವುದಿಲ್ಲ, ಆ ಎಣ್ಣೆ ಕೈಯಲ್ಲಿ ಬ್ಯಾಂಡ್ ಹಿಡಿದರೆ ರಬ್ಬರ್ ಉಬ್ಬಿ ಬಲ ಕಳಕೊಳ್ಳುತ್ತದೆ. ಸೋಪಿನಲ್ಲಿ ಕೈ ತೊಳೆದೇ ಮುಟ್ಟಿ. ಎಳೆದಿರುವಾಗ ತುಂಡಾದರೆ ಮುಖಕ್ಕೆ ಬಡಿಯುತ್ತದೆ, ಅದಕ್ಕಿಂತ ಜಾಸ್ತಿ ಅಂದರೆ ಭುಜಕ್ಕೆ ಜರ್ಕ್ ಬೀಳುತ್ತದೆ.

ಲ್ಯಾಟೆಕ್ಸ್ ಅಲರ್ಜಿ ಇದ್ದವರಿಗೆ ಲ್ಯಾಟೆಕ್ಸ್ ಇಲ್ಲದ್ದೂ ಬರುತ್ತದೆ, ಕೇಳಿ ತಗೊಳ್ಳಿ. ಮೊದಲಿಗೆ ಹಳದಿ, ಕೆಂಪು, ಹಸಿರು ಮೂರು ತಗೊಳ್ಳಿ. ನೀಲಿಯನ್ನು ಆಮೇಲೆ ತಗೊಂಡರೆ ಸಾಕು, ಹಸಿರು ಸಲೀಸಾದ ಮೇಲೆ.