ಆಟದ ಚಿತ್ರಗಳನ್ನು ಎಲ್ಲಿ ಹೊಂದಿಸಿಡುವುದು: ಡಿಜಿಕ್ಯಾಮ್ ಮತ್ತು ಉಳಿದೆರಡು

ಶಿರಸಿ ಸೀಮೆಯಲ್ಲಿ 12 ವರ್ಷಗಳಿಂದ ನಾನು ತೆಗೆಯುತ್ತ ಬಂದ ಯಕ್ಷಗಾನದ ಚಿತ್ರಗಳು ಈಗ 40,000 ದಾಟಿವೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಅವುಗಳನ್ನು ಹೊಂದಿಸುತ್ತ ಕೂರುವುದು ನನ್ನ ರೂಢಿ. ಈ ಕೆಲಸಕ್ಕಾಗಿ ಹಣ ಕೊಟ್ಟು ಪಡೆದ ಒಂದು ಆನ್‌ಲೈನ್ ಆಲ್ಬಮ್ ಸೇವೆಯನ್ನು ಒಂದು ವರ್ಷ, ಚಂದಾ ಕಟ್ಟುವ ಒಂದು ವೃತ್ತಿಪರ ತಂತ್ರಾಂಶವನ್ನು ಎರಡು ತಿಂಗಳು ಮತ್ತು ಉಚಿತವಾಗಿ ಸಿಗುವ ಡಿಜಿಕ್ಯಾಮ್ ಎಂಬ ಚಿತ್ರ ಹೊಂದಿಸುವ ತಂತ್ರಾಂಶವನ್ನು ಮೂರು ಮಳೆಗಾಲ ಬಳಸಿದ್ದೇನೆ. ನನ್ನ ಒಲವು ಡಿಜಿಕ್ಯಾಮ್ ಕಡೆಗಿದೆ. ಚಿತ್ರದ ಬಗ್ಗೆ ನಾನು ಬರೆದಿಟ್ಟ ಮಾತು ಆ ಚಿತ್ರದ ಕಡತದೊಳಗೇ ಉಳಿಯಬೇಕೆಂಬ ನನ್ನ ಬೇಡಿಕೆಯನ್ನು ಅದು ಈಡೇರಿಸಿತು.

ಆನ್‌ಲೈನ್ ಸೇವೆಯನ್ನು ಮೊದಲು ಆರಿಸಿದ್ದಕ್ಕೆ ಅದರ ಹುಡುಕಾಟದ ಸೌಕರ್ಯವೇ ಕಾರಣ. ಚಿತ್ರವೊಂದಕ್ಕೆ ಸರಾಸರಿ 5 ಎಂಬಿ ಎಂದರೂ ಒಟ್ಟು 200 ಜಿಬಿ ಆಗುತ್ತದೆ. ನಮ್ಮ ಹಳ್ಳಿಯ ಸಂಪರ್ಕದಲ್ಲಿ ಏರಿಸುವ ವೇಗ 4 ಎಂಬಿಪಿಎಸ್ (ಸೆಕೆಂಡಿಗೆ ಅರ್ಧ ಎಂಬಿ) ಮಾತ್ರವಾದ್ದರಿಂದ, ವಿದ್ಯುತ್ ಒಮ್ಮೆಯೂ ಹೋಗದಿದ್ದರೂ, ದಿನಕ್ಕೆ 8 ತಾಸಿನಂತೆ 14 ರಾತ್ರಿಗಳು ಬೇಕು. ಮಳೆಗಾಲದಲ್ಲಿ ವಿದ್ಯುತ್ ಇಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದು ಘಟ್ಟದ ಮೇಲಿನವರಿಗೆಲ್ಲ ಗೊತ್ತಿದೆ. ನನಗೆ ಎರಡು ತಿಂಗಳು ಹಿಡಿಯಿತು.

ಏರಿಸಿದ ನಂತರ ಎದುರಾದದ್ದು ನಡುರಾತ್ರಿಯ ತೊಡಕು. ಆ ಸೇವೆ ಚಿತ್ರಗಳನ್ನು ದಿನಾಂಕದಂತೆ ವಿಂಗಡಿಸುತ್ತದೆ. ಆಟ, ಅಂದರೆ ಯಕ್ಷಗಾನದ ಪ್ರದರ್ಶನ, ರಾತ್ರಿ ಹತ್ತರ ಸುಮಾರಿಗೆ ಆರಂಭವಾಗಿ ಬೆಳಗಿನ ಜಾವ ಮಂಗಳಕ್ಕೆ ಬರುತ್ತದೆ. ಹೀಗಾಗಿ ಒಂದೇ ಆಟದ ಪೂರ್ವಾರ್ಧ ಒಂದು ದಿನದಲ್ಲಿಯೂ ಉತ್ತರಾರ್ಧ ಮರುದಿನದಲ್ಲಿಯೂ ಕುಳಿತುಕೊಂಡವು. ಶನಿವಾರ ಯಲ್ಲಾಪುರದಲ್ಲಿ ಒಂದು ಮೇಳದ ಆಟ, ಭಾನುವಾರ ಸಿದ್ದಾಪುರದಲ್ಲಿ ಇನ್ನೊಂದು ಮೇಳದ ಆಟ ನೋಡಿದ್ದರೆ, ಯಲ್ಲಾಪುರದ ಕೊನೆಯ ಯುದ್ಧವೂ ಸಿದ್ದಾಪುರದ ಒಡ್ಡೋಲಗವೂ (ಪಾತ್ರಗಳ ಮೊದಲ ಪ್ರವೇಶ) ಭಾನುವಾರವೆಂಬ ಒಂದೇ ರಾಶಿಯಲ್ಲಿ ಬೆರೆತು ಹೋಗುತ್ತಿದ್ದವು. ಕೈಯಿಂದಲೇ ಆಲ್ಬಮ್ ಮಾಡಿ ಬೇರ್ಪಡಿಸಿದೆ. ಆದರೆ ಮುಖ್ಯ ಪರದೆಯಲ್ಲಿ ಬೆರಳಾಡಿಸಿ ನೋಡುವಾಗ ಅದೇ ಬೆರಕೆ ಕಾಣುತ್ತಿತ್ತು.

ಡಿಜಿಕ್ಯಾಮ್‌ನಲ್ಲಿ ಆಲ್ಬಮ್ ಎಂದರೆ ಡಿಸ್ಕಿನಲ್ಲಿರುವ ಫೋಲ್ಡರ್ ಅಷ್ಟೇ. ಒಂದು ಆಟಕ್ಕೆ ಒಂದು ಫೋಲ್ಡರ್ ಮಾಡಿ, ಆರಂಭದ ದಿನಾಂಕವನ್ನೂ ಊರನ್ನೂ ಅದರ ಹೆಸರಿನಲ್ಲಿ ಬರೆದರೆ ಪೂರ್ವರಂಗದಿಂದ ಮಂಗಳದವರೆಗೆ ಎಲ್ಲವೂ ಅನುಕ್ರಮವಾಗಿ ಒಂದೇ ಕಡೆ ಉಳಿಯುತ್ತದೆ. ನನ್ನ ಎರಡನೆಯ ಕ್ಯಾಮೆರಾದ ಗಡಿಯಾರ 40 ನಿಮಿಷ ಹಿಂದಿದ್ದುದರಿಂದ ರಾವಣ ಸತ್ತ ಮೇಲೆ ಮತ್ತೆ ಕುಣಿಯುತ್ತಿದ್ದ ಚಿತ್ರಗಳೂ ಇದ್ದವು. ಅಂಥ ಚಿತ್ರಗಳನ್ನೆಲ್ಲ ಒಟ್ಟಿಗೆ ಆರಿಸಿ ಸಮಯವನ್ನು ಒಮ್ಮೆಲೇ ಸರಿಪಡಿಸುವ ಸಾಧನವೂ ಅದರಲ್ಲಿದೆ.

ಮುಖ ಗುರುತಿಸುವ ಸೌಕರ್ಯ ಯಕ್ಷಗಾನಕ್ಕೆ ಒದಗುವುದಿಲ್ಲ. ಈ ವಿಷಯದಲ್ಲಿ ಯಾವ ತಂತ್ರಾಂಶವನ್ನೂ ದೂರಲಾರೆ. ಬಣ್ಣ ಹಚ್ಚಿ, ಮೀಸೆ ಕಟ್ಟಿ, ಕಿರೀಟವಿಟ್ಟ ಮುಖವನ್ನು ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ಬರಿಮುಖದಲ್ಲಿ ಕುಳಿತ ಕಲಾವಿದರೊಂದಿಗೆ ಹೊಂದಿಸುವುದು ಪ್ರೇಕ್ಷಕರಿಗೇ ಕೆಲವೊಮ್ಮೆ ಕಷ್ಟ. ಆದ್ದರಿಂದ ಕಲಾವಿದ, ಪಾತ್ರ, ವೇಷ, ಮೇಳ, ಊರು ಎಂಬ ಐದು ಕವಲುಗಳಲ್ಲಿ ನಾನೇ ಟ್ಯಾಗ್ (ಗುರುತಿನ ಪದ) ಹಾಕುತ್ತೇನೆ. ಸ್ತ್ರೀವೇಷ ಮತ್ತು ಕುಮಟಾ ಎಂಬೆರಡನ್ನು ಡಿಜಿಕ್ಯಾಮ್‌ನ ಸೋಸುಪಟ್ಟಿಯಲ್ಲಿ ಆರಿಸಿ, ಎರಡೂ ಇರಬೇಕೆಂಬ ಷರತ್ತನ್ನು ಗುರುತು ಮಾಡಿದರೆ ಎರಡೂ ಇರುವ ಚಿತ್ರಗಳು ಮಾತ್ರ ಉಳಿಯುತ್ತವೆ.

ಇಷ್ಟು ಶ್ರಮದಿಂದ ಬರೆದದ್ದು ಎಲ್ಲಿ ಉಳಿಯುತ್ತದೆ ಎಂಬುದನ್ನು ಮೊದಲೇ ವಿಚಾರಿಸದೆ ನಾನು ಕೆಟ್ಟೆ. ಹೊನ್ನಾವರದ ಕಡೆಯ ಹಿರಿಯ ಕಲಾವಿದರೊಬ್ಬರ ಸನ್ಮಾನದ ಪುಸ್ತಿಕೆಗೆ ಅವರ ಹಳೆಯ ವೇಷಗಳ ಚಿತ್ರ ಬೇಕೆಂದು ಕೇಳಿದ್ದರು. ಅದೇ ವಾರ ಆನ್‌ಲೈನ್ ಸೇವೆಯಿಂದ ಎಲ್ಲವನ್ನೂ ಮರಳಿ ಇಳಿಸಿಕೊಂಡಿದ್ದೆ. ಚಿತ್ರಗಳು ಬಂದವು, ನಾನು ಬರೆದ ಅಡಿಬರಹಗಳು ಮಾತ್ರ ಚಿತ್ರದೊಳಗೆ ಇರಲಿಲ್ಲ. ಚಿತ್ರಕ್ಕೊಂದರಂತೆ ಬೇರೆಯೇ ಸಣ್ಣ ಕಡತಗಳಲ್ಲಿ ಅವು ಬಂದಿದ್ದವು, ಉದ್ದ ಹೆಸರುಗಳು ತುಂಡಾದ್ದರಿಂದ ಯಾವುದು ಯಾವುದರ ಜೋಡಿ ಎಂದು ತಿಳಿಯುವಂತಿರಲಿಲ್ಲ. ಅವರ ಒಂಬತ್ತು ಚಿತ್ರಗಳನ್ನು ಕಣ್ಣಿನಿಂದಲೇ ಹುಡುಕಲು ಮೂರು ಸಂಜೆಗಳು ಹೋದವು.

ಡಿಜಿಕ್ಯಾಮ್ ಕೂಡ ತನ್ನದೇ ದತ್ತಸಂಚಯವನ್ನು ಇಟ್ಟುಕೊಳ್ಳುತ್ತದೆ. ಆದರೆ ಅದರ ಸೆಟ್ಟಿಂಗ್‌ಗಳ ಮೆಟಾಡೇಟಾ (ಚಿತ್ರದ ಬಗೆಗಿನ ವಿವರ) ವಿಭಾಗದಲ್ಲಿ ಟ್ಯಾಗ್ ಮತ್ತು ಅಡಿಬರಹಗಳನ್ನು ಕಡತಕ್ಕೆ ಬರೆಯುವ ಆಯ್ಕೆಗಳನ್ನು ಗುರುತು ಮಾಡಿದರೆ ಜೆಪೆಗ್ ಚಿತ್ರದೊಳಗೇ ಅವು ಸೇರುತ್ತವೆ. ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ) ಕಡತಗಳಾದರೆ ಪಕ್ಕದಲ್ಲಿ ವಿವರಗಳಿಗೆಂದೇ ಇರುವ ಎಕ್ಸ್‌ಎಂಪಿ ಕಡತವಾಗಿ ಇಡಿಸುವುದು ಸುರಕ್ಷಿತ. ಹಾಗೆ ಬರೆದ ಚಿತ್ರಗಳನ್ನು ಎಕ್ಸ್‌ಎನ್‌ವ್ಯೂ ಎಂಪಿ ಎಂಬ ಬೇರೊಂದು ಚಿತ್ರವೀಕ್ಷಕ ತಂತ್ರಾಂಶದಲ್ಲಿ ತೆರೆದು ನೋಡಿದಾಗ ಕನ್ನಡದ ಟ್ಯಾಗ್‌ಗಳು ಅಕ್ಷರ ಕೆಡದೆ ಕಂಡವು. ಒಂದು ಎಚ್ಚರಿಕೆ ಬೇಕು: ಚಿತ್ರದೊಳಗೆ ವಿವರ ಬರೆಯುವ ಹಳೆಯ ಐಪಿಟಿಸಿ ಮಾದರಿಯಲ್ಲಿ ಒಂದು ಟ್ಯಾಗ್‌ಗೆ 64 ಬೈಟ್‌ಗಳ ಮಿತಿಯಿದೆ. ಗಣಕವು ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾಗುತ್ತದೆ. ಗುಣಿತ, ಒತ್ತಕ್ಷರಗಳನ್ನು ಬೇರೆ ಬೇರೆಯಾಗಿ ಎಣಿಸುವುದರಿಂದ ಹತ್ತು ಹನ್ನೆರಡು ಅಕ್ಷರಗಳಿಗೇ ಮಿತಿ ಮುಟ್ಟುತ್ತದೆ. ಎಕ್ಸ್‌ಎಂಪಿಗೆ ಈ ಕಟ್ಟುಪಾಡಿಲ್ಲ. ಆದರೂ ನಾನು ಟ್ಯಾಗ್‌ಗಳನ್ನು ಚಿಕ್ಕದಾಗಿಯೇ ಬರೆಯುತ್ತೇನೆ. ಶಿರಸಿ, ಸಿರಸಿ ಎಂದು ಎರಡು ಬಗೆಯಲ್ಲಿ ಬರೆಯುವುದನ್ನೂ ಬಿಟ್ಟಿದ್ದೇನೆ.

ವೃತ್ತಿಪರ ತಂತ್ರಾಂಶದ ಬಗ್ಗೆ ಹೇಳುವುದು ಕಡಿಮೆ. ಮಂದ ಬೆಳಕಿನ ಚಿತ್ರಗಳನ್ನು ತಿದ್ದುವುದರಲ್ಲಿ ಅದು ಮೂರರಲ್ಲಿಯೂ ಮೇಲು. ವರ್ಷಕ್ಕೊಮ್ಮೆ ಅಡಿಕೆ ಮಾರಿದಾಗ ಕೈಗೆ ಹಣ ಬರುವ ನನ್ನಂಥವನಿಗೆ ತಿಂಗಳು ತಿಂಗಳು ಕಟ್ಟುವ ಚಂದಾ ಹೊಂದಲಿಲ್ಲ.

ಡಿಜಿಕ್ಯಾಮ್ ಮೊದಲ ಸಲ ಸಂಗ್ರಹವನ್ನು ಓದಲು ನನ್ನ ಹಳೆಯ ಗಣಕದಲ್ಲಿ ಇಡೀ ರಾತ್ರಿ ತೆಗೆದುಕೊಂಡಿತು. ಅದರ ಪರದೆಯ ಎರಡೂ ಅಂಚಿನಲ್ಲಿರುವ ಪಟ್ಟಿಗಳು ಹೊಸಬರನ್ನು ಗಾಬರಿಗೊಳಿಸುವಷ್ಟಿವೆ. ಸುಮ್ಮನೆ ಚಿತ್ರಗಳನ್ನು ಬೇಗ ಬೇಗ ತಿರುವಿ ನೋಡಲು ನಾನು ಈಗಲೂ ಎಕ್ಸ್‌ಎನ್‌ವ್ಯೂ ಎಂಪಿಯನ್ನೇ ತೆರೆಯುತ್ತೇನೆ. ಉಳಿಸಿದ ಚಂದಾದ ಹಣದಲ್ಲಿ ಎರಡು ಡಿಸ್ಕ್ ಕೊಂಡು, ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ಪೇಟೆಯಲ್ಲಿರುವ ಅಕ್ಕನ ಮನೆಯಲ್ಲಿಯೂ ಇಟ್ಟಿದ್ದೇನೆ; ಸಿಡಿಲಿನ ಕಾಲದಲ್ಲಿ ಎರಡೂ ಒಂದೇ ಗೋಡೆಯ ಪ್ಲಗ್ಗಿನಲ್ಲಿರಬಾರದು. ಮನೆಮಂದಿ ಮೊಬೈಲಿನಲ್ಲಿ ತೆಗೆದ ಹಬ್ಬ, ಹುಟ್ಟುಹಬ್ಬದ ಚಿತ್ರಗಳಿಗೆ ಮಾತ್ರ ಆನ್‌ಲೈನ್ ಸೇವೆಯ ಉಚಿತ ಜಾಗವನ್ನು ಉಳಿಸಿಕೊಂಡಿದ್ದೇನೆ, ಅವುಗಳಿಗೆ ಅಡಿಬರಹ ಬರೆಯುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.